ಹಿಂದಿನ ಅಚ್ಚು: ಹಂಗಾಮಿಗೆ ಮೊದಲು ಒಮ್ಮೆ ಬಗ್ಗಿ ನೋಡಿರಿ



ದಸರೆ ಮುಗಿದು ದೀಪಾವಳಿ ಹತ್ತಿರ ಬಂತೆಂದರೆ ಯಡ್ರಾವದಿಂದ ಇಚಲಕರಂಜಿಯತ್ತ, ಜೈಸಿಂಗಪುರದತ್ತ, ಶಿರೋಳದತ್ತ ಹೋಗುವ ರಸ್ತೆಗಳ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಶುರುವಾಗುತ್ತದೆ. ಗಂಗಾನಗರದ ಪಂಚಗಂಗಾ, ಶಿರೋಳದ ದತ್ತ, ಹುಪರಿಯ ಜವಾಹರ, ನರಂದೆಯ ಶರದ್ ಹೀಗೆ ಸುತ್ತಲೂ ಸಕ್ಕರೆ ಕಾರ್ಖಾನೆಗಳೇ ಇರುವ ಸೀಮೆ ನಮ್ಮದು. ಒಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರು. ಕ್ರಿಸ್ಮಸ್ ಹೊತ್ತಿಗೆ ಕೆಲಸ ಎಷ್ಟು ಜೋರಾಗಿರುತ್ತದೆಂದರೆ ಗಾಡಿಯೂ ನಿಲ್ಲುವುದಿಲ್ಲ, ಓಡಿಸುವವನೂ ಮಲಗುವುದಿಲ್ಲ.

ಹಂಗಾಮಿಗೆ ಮೊದಲು ನಾವೆಲ್ಲ ಗಾಡಿ ತಯಾರು ಮಾಡುತ್ತೇವೆ. ಇಂಜಿನ್ ಎಣ್ಣೆ ಬದಲಿಸುತ್ತೇವೆ, ಟೈರು ನೋಡುತ್ತೇವೆ, ಬಣ್ಣ ಬಳಿಸುತ್ತೇವೆ. ಹುಡುಗರು ದೊಡ್ಡ ಸ್ಪೀಕರು ಕೂಡಿಸುತ್ತಾರೆ. ಹಿಂದಿನ ಅಚ್ಚನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ. ಅದು ಕಣ್ಣಿಗೆ ಬೀಳದ ಜಾಗ, ಮೇಲೆ ಕೆಸರು, ಗ್ರೀಸಿನ ಪದರ. ಈ ಸಲದ ಅಂಕಣ ಅದರ ಬಗ್ಗೆ.

ನಮ್ಮ ಮನೆಯಲ್ಲೇ ನಡೆದದ್ದನ್ನು ಮೊದಲು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಜನವರಿಯ ಒಂದು ರಾತ್ರಿ ತುಂಬಿದ ಟ್ರೇಲರು ಕಾರ್ಖಾನೆಗೆ ಎರಡು ಕಿಲೋಮೀಟರು ಇರುವಾಗ ಎಡಗಡೆಗೆ ಕುಸಿಯಿತು. ಅಚ್ಚಿನ ತುದಿ ಮುರಿದು ಗಾಲಿ ತಾನೇ ಉರುಳಿ ಪಕ್ಕದ ಹೊಲಕ್ಕೆ ಹೋಗಿ ಬಿತ್ತು. ಕಬ್ಬೆಲ್ಲ ಅರ್ಧ ರಸ್ತೆಗೆ ಚೆಲ್ಲಿತು. ಹಿಂದೆ ಒಂದು ಎತ್ತಿನ ಗಾಡಿ ಬರುತ್ತಿತ್ತು. ಮೇಲೆ ಗಂಡ, ಹೆಂಡತಿ, ನಿದ್ದೆಹೋದ ಒಂದು ಮಗು. ಇಪ್ಪತ್ತು ಹೆಜ್ಜೆ ಹಿಂದಿದ್ದರು, ಅದಕ್ಕೇ ಉಳಿದರು. ಬೆಳಿಗ್ಗೆ ಬಂದ ಮೇಸ್ತ್ರಿ ಮುರಿದ ತುಂಡನ್ನು ಸೀಮೆಎಣ್ಣೆಯಿಂದ ಒರೆಸಿ ನಮ್ಮ ತಂದೆಯವರ ಮುಂದೆ ಹಿಡಿದ. “ಯಜಮಾನ್ರ, ಇದು ನಿನ್ನೆ ಮುರದದ್ದಲ್ಲ” ಎಂದ.

ನೋಡಿದರೆ ಮುರಿದ ಮುಖದ ಮುಕ್ಕಾಲು ಭಾಗ ಕಪ್ಪಾಗಿ, ನುಣುಪಾಗಿ, ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಕೊನೆಯ ಕಾಲು ಭಾಗ ಮಾತ್ರ ಹೊಸದಾಗಿ ಒಡೆದ ಬೆಲ್ಲದ ಅಚ್ಚಿನಂತೆ ಒರಟಾಗಿ ಹೊಳೆಯುತ್ತಿತ್ತು. ಅಂದರೆ ಬಿರುಕು ಹುಟ್ಟಿ ಬಹಳ ದಿನವಾಗಿತ್ತು. ಒಂದೊಂದು ಖೇಪಿಗೂ ಕೂದಲೆಳೆಯಷ್ಟು ಒಳಗೆ ಹೋಗುತ್ತಾ, ಉಳಿದ ಕಾಲು ಭಾಗವೇ ಇಡೀ ಭಾರ ಹೊರುತ್ತಿತ್ತು. ಆ ರಾತ್ರಿ ಅದಕ್ಕೂ ಆಗಲಿಲ್ಲ.

ಕಬ್ಬಿಣವೂ ದಣಿಯುತ್ತದೆ

ಈ ಸಂಗತಿಯನ್ನು ಮೊದಲು ಕಲಿಸಿದ್ದು ರೈಲಿನ ಅಚ್ಚುಗಳು. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸಿನಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಇಂಜಿನ್ನಿನ ಅಚ್ಚು ಮುರಿದು ಡಬ್ಬಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿತು. ಡಬ್ಬಿಯ ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿದ್ದರು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಆ ಮೇಲೆ ಸ್ಕಾಟ್ಲೆಂಡಿನ ರಾಂಕಿನ್ ಎಂಬ ಇಂಜಿನಿಯರು ಮುರಿದ ಅಚ್ಚುಗಳನ್ನು ಪರೀಕ್ಷಿಸಿ, ಅಚ್ಚಿನ ದಪ್ಪ ಒಮ್ಮೆಲೇ ಬದಲಾಗುವ ಮೂಲೆಯಲ್ಲೇ ಬಿರುಕು ಹುಟ್ಟುತ್ತದೆ ಎಂದು 1843ರಲ್ಲಿ ಬರೆದ. ಮುಂದೆ ಜರ್ಮನಿಯ ವೋಲರ್ ಎಂಬಾತ ಅಚ್ಚುಗಳನ್ನು ಭಾರ ಕಟ್ಟಿ ಲಕ್ಷಾಂತರ ಸುತ್ತು ತಿರುಗಿಸಿ ನೋಡಿದ. ಒಂದು ಸಲಕ್ಕೆ ಏನೂ ಮಾಡದ ಭಾರ, ಮತ್ತೆ ಮತ್ತೆ ಬಿದ್ದರೆ ಗಟ್ಟಿ ಕಬ್ಬಿಣವನ್ನೂ ಮುರಿಯುತ್ತದೆಂದು ತೋರಿಸಿದ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುವುದು ನಮ್ಮ ಮಕ್ಕಳಿಗೂ ಗೊತ್ತು. ಇದೂ ಅದೇ.

ಟ್ರೇಲರಿನ ಅಚ್ಚು ಒಂದು ಚೌಕ ಕಬ್ಬಿಣದ ಕಂಬಿ. ಎರಡೂ ತುದಿಗಳನ್ನು ಲೇತಿನಲ್ಲಿ ಕಡೆದು ಗುಂಡಗೆ ಮಾಡಿ ಅಲ್ಲಿ ಬೇರಿಂಗು ಕೂಡಿಸಿರುತ್ತಾರೆ. ಚೌಕ ಮುಗಿದು ಗುಂಡು ಶುರುವಾಗುವ ಜಾಗವೇ ಅದರ ದುರ್ಬಲ ಜಾಗ. ಭಾರ ಮೇಲಿನಿಂದ ಒತ್ತುವಾಗ, ಗಾಲಿ ತುದಿಯನ್ನು ಮೇಲಕ್ಕೆ ತಳ್ಳುತ್ತದೆ. ಆಗ ಹಿಗ್ಗಿ ಎಳೆತಕ್ಕೆ ಸಿಗುವುದು ಅಚ್ಚಿನ ಕೆಳಮೈ. ಆದ್ದರಿಂದ ಬಿರುಕು ಹೆಚ್ಚಾಗಿ ಹುಟ್ಟುವುದೂ ಕೆಳಗೇ, ಕೆಸರು ಮೆತ್ತಿಕೊಂಡು ಯಾರಿಗೂ ಕಾಣದ ಕಡೆ. ನಿಂತುಕೊಂಡು ಮೇಲಿನಿಂದ ನೋಡಿ “ಅಚ್ಚು ಚಲೋ ಅದ” ಎಂದರೆ ಅದಕ್ಕೆ ಅರ್ಥವಿಲ್ಲ.

ಅದನ್ನು ನೋಡುವ ಉಪಾಯಕ್ಕೆ ಖರ್ಚೇನೂ ಇಲ್ಲ. ಗಾಲಿ, ಹಬ್ ಬಿಚ್ಚಿದಾಗ ಆ ಜಾಗವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಸ್ವಚ್ಛ ಮಾಡಿರಿ. ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ ಕಾಲು ತಾಸು ಬಿಡಿರಿ. ನಂತರ ಒಣ ಅರಿವೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿರಿ. ಬಿರುಕು ಇದ್ದರೆ ಅದರೊಳಗೆ ಇಳಿದ ಎಣ್ಣೆ ಮತ್ತೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡಿದರೆ ಆ ಅಚ್ಚು ಮತ್ತೊಂದು ಖೇಪಿಗೂ ಬೇಡ.

ವೆಲ್ಡಿಂಗ್ ಮಾಡಿಸಿದರೆ ಆಗದೇ ಎಂದು ಬಹಳ ಜನ ಕೇಳುತ್ತಾರೆ. ಆಗದು. ವೆಲ್ಡಿಂಗಿನ ಕಾವು ತಾಗಿದ ಅಕ್ಕಪಕ್ಕದ ಕಬ್ಬಿಣ ಬಿರುಸಾಗಿ ಗಾಜಿನ ಗುಣ ಪಡೆಯುತ್ತದೆ. ಬೆಸುಗೆ ಬಿಡದಿರಬಹುದು, ಅದರ ಮಗ್ಗುಲಲ್ಲೇ ಮುರಿಯುತ್ತದೆ. ಬಿಡಿಸಿ ಹೇಳಬೇಕೆಂದರೆ ಆ ಬೆಸುಗೆಗೆ ಕೊಟ್ಟ ದುಡ್ಡು ದಂಡ. ಆ ಟ್ರೇಲರಿನ ಹಿಂದೆ ಬರುವವರ ಜೀವಕ್ಕೂ ಅಪಾಯ.

ಗಾಲಿ ಮಾತಾಡುತ್ತದೆ

ಅಚ್ಚು ಮುರಿಯುವುದಕ್ಕೆ ಅರ್ಧ ಕಾರಣ ಭಾರವಾದರೆ ಇನ್ನರ್ಧ ಕಾರಣ ಬೇರಿಂಗು. ಹಳೆಯ ಚಕ್ಕಡಿಯ ಕಾಲದಲ್ಲಿ ನಮ್ಮ ಹಿರಿಯರು ಕೀಲೆಣ್ಣೆ ಇಲ್ಲದೆ ಊರ ಗಡಿ ದಾಟುತ್ತಿರಲಿಲ್ಲ. ಗಾಡಿಯ ಕೆಳಗೆ ಎಣ್ಣೆಯ ಬುಡ್ಡಿ ತೂಗಾಡುತ್ತಲೇ ಇರುತ್ತಿತ್ತು. ಬೇರಿಂಗು ಬಂದ ಮೇಲೆ ಆ ರೂಢಿ ತಪ್ಪಿತು.

ಪ್ರತಿ ಖೇಪಿನಲ್ಲಿ ಐದಾರು ಕಿಲೋಮೀಟರು ಹೋದ ಮೇಲೆ ಒಮ್ಮೆ ನಿಲ್ಲಿಸಿ, ಅಂಗೈಯ ಹಿಂಬದಿಯನ್ನು ಒಂದೊಂದು ಹಬ್ಬಿನ ಹತ್ತಿರ ತಂದು ನೋಡಿರಿ. ಎಲ್ಲವೂ ಒಂದೇ ಸಮ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಗ್ರೀಸು ಒಣಗಿದೆ, ಇಲ್ಲವೇ ಬೇರಿಂಗು ಬಿಗಿಯಾಗಿದೆ, ಇಲ್ಲವೇ ಬ್ರೇಕು ಹಿಡಿದುಕೊಂಡಿದೆ. ಬಿಡುವಿದ್ದಾಗ ಗಾಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿರಿ. ಟಕಟಕ ಎಂದರೆ ಬೇರಿಂಗು ಸಡಿಲ. ತಿರುಗಿಸಿದಾಗ ಗರಗರ ಬೀಸಿದ ಸಪ್ಪಳ ಬಂದರೆ ಬೇರಿಂಗು ಸವೆದಿದೆ.

ಗ್ರೀಸು ತುಂಬುವುದರಲ್ಲಿ ಎರಡು ತಪ್ಪು ನಡೆಯುತ್ತವೆ. ಕಡಿಮೆ ದುಡ್ಡಿನ ಚಾಸಿ ಗ್ರೀಸು ಹಾಕುತ್ತಾರೆ. ಅದು ಕಾವಿಗೆ ನೀರಾಗಿ ಹರಿಯುತ್ತದೆ. ಗಾಲಿಯ ಬೇರಿಂಗಿಗೆಂದೇ ಸಿಗುವ ಲಿಥಿಯಂ ಗ್ರೀಸು ಕೇಳಿರಿ, ಹಳೆಯದನ್ನು ಪೂರ್ತಿ ತೊಳೆದ ಮೇಲೆಯೇ ಹೊಸದನ್ನು ಹಾಕಿರಿ. ಎರಡನೆಯದು, ಹಬ್ಬಿನ ತುಂಬಾ ತುರುಕುತ್ತಾರೆ. ಬೇರಿಂಗಿನ ಉರುಳೆಗಳ ಸಂದಿಯಲ್ಲಿ ಅಂಗೈಯಿಂದ ಒತ್ತಿ ಪೂರ್ತಿ ತುಂಬಬೇಕು, ಹಬ್ಬಿನ ಪೊಳ್ಳಿನಲ್ಲಿ ಮೂರನೇ ಒಂದು ಪಾಲು ಸಾಕು. ಹೆಚ್ಚಾದರೆ ಕಾವು ಹೊರಗೆ ಹೋಗದೆ ಸೀಲು ಒಡೆಯುತ್ತದೆ.

ನಟ್ಟು ಬಿಗಿಯುವಾಗ ಗಾಲಿ ತಿರುಗಿಸುತ್ತಲೇ ಬಿಗಿಯಬೇಕು. ಗಾಲಿ ಭಾರವಾಗಿ ತಿರುಗುತ್ತಿದೆ ಎನಿಸಿದಾಗ ನಿಲ್ಲಿಸಿ, ಪಿನ್ನಿನ ತೂತು ಸಿಗುವಷ್ಟು ಮಾತ್ರ ಹಿಂದಕ್ಕೆ ಸಡಿಲಿಸಿರಿ. ಗಾಲಿ ಅಲುಗಬಾರದು, ಸಲೀಸಾಗಿ ತಿರುಗಬೇಕು. ಸ್ಪ್ಲಿಟ್ ಪಿನ್ನು ಪ್ರತಿ ಸಲವೂ ಹೊಸದೇ ಇರಲಿ. ಹಳೆಯದನ್ನು ನೆಟ್ಟಗೆ ಮಾಡಿ ಹಾಕುವುದು, ಅದರ ಬದಲು ಮೊಳೆ ಬಡಿಯುವುದು ಒಳ್ಳೆಯದಲ್ಲ. ನಾಲ್ಕು ರೂಪಾಯಿಯ ವಸ್ತುವಿಗೆ ಗಾಲಿಯನ್ನೇ ಒಪ್ಪಿಸಿದಂತೆ.

ಎತ್ತಿನ ಟೈರುಗಾಡಿ ಇಟ್ಟುಕೊಂಡವರಿಗೂ ಇದೇ ಮಾತು. ಬೇರಿಂಗು ಬಿಗಿಯಾದ ಗಾಡಿಯನ್ನು ಎತ್ತುಗಳು ಹೇಳದೆ ಎಳೆಯುತ್ತವೆ. ಹೆಗಲ ಮೇಲೆ ಬಾವು, ಹುಣ್ಣು ಕಂಡಾಗ ನಾವು ನೊಗಕ್ಕೆ ಅರಿವೆ ಸುತ್ತುತ್ತೇವೆ, ಮದ್ದು ಹಚ್ಚುತ್ತೇವೆ. ಗಾಲಿ ಎತ್ತಿ ತಿರುಗಿಸಿ ನೋಡುವುದಿಲ್ಲ.

ಟ್ರ್ಯಾಕ್ಟರಿನ ಹಿಂದಿನ ಅಚ್ಚು

ಟ್ರೇಲರಿನ ಅಚ್ಚು ಬರೀ ಭಾರ ಹೊರುತ್ತದೆ. ಟ್ರ್ಯಾಕ್ಟರಿನ ಹಿಂದಿನ ಅಚ್ಚು ಭಾರವನ್ನೂ ಹೊತ್ತು ಗಾಲಿಯನ್ನೂ ತಿರುಗಿಸಬೇಕು. ಇಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು ಓಡುವಾಗ, ಕೆಳ ಗೇರಿನಲ್ಲಿ ಹಿಂದಿನ ಗಾಲಿ ಹತ್ತಿಪ್ಪತ್ತು ಸುತ್ತು ಮಾತ್ರ ತಿರುಗುತ್ತದೆ. ವೇಗ ಇಳಿದಷ್ಟೂ ತಿರುಚುವ ಬಲ ಏರುತ್ತದೆ. ಆ ಬಲವೆಲ್ಲ ಹಾಯುವುದು ಎರಡು ಅರ್ಧ ಅಚ್ಚುಗಳ ಮೂಲಕ. ಅದಕ್ಕಾಗಿ ಡಿಫರೆನ್ಶಿಯಲ್ ಲಾಕನ್ನು ಕೆಸರಿನಲ್ಲಿ ನೇರವಾಗಿ ಹೊರಬರುವಾಗ ಮಾತ್ರ ಹಾಕಬೇಕು. ಹಾಕಿಕೊಂಡೇ ತಿರುಗಿಸಿದರೆ ಎರಡು ಗಾಲಿಗಳೂ ಒಂದೇ ವೇಗದಲ್ಲಿ ಓಡಬೇಕಾಗಿ ಒಳಗಿನ ಗೇರು, ಅಚ್ಚು ತಿರುಚಿಕೊಳ್ಳುತ್ತವೆ.

ಗಾಲಿಯ ಒಳಮಗ್ಗುಲಲ್ಲಿ ಎಣ್ಣೆ ಜಿನುಗಿದ ಗುರುತು ಕಂಡರೆ ಅಚ್ಚಿನ ಎಣ್ಣೆ ಸೀಲು ಹೋಗಿದೆಯೆಂದು ತಿಳಿಯಿರಿ. ಒಣ ಬ್ರೇಕಿನ ಹಳೆಯ ಟ್ರ್ಯಾಕ್ಟರುಗಳಲ್ಲಿ ಆ ಎಣ್ಣೆ ಬ್ರೇಕಿಗೆ ತಾಗಿ ಒಂದು ಬದಿಯ ಗಾಲಿ ಹಿಡಿಯುವುದೇ ಇಲ್ಲ. ಬ್ರೇಕು ಒತ್ತಿದಾಗ ಗಾಡಿ ಒಂದೇ ಕಡೆ ಎಳೆಯುತ್ತದೆ. ಹಿಂದೆ ಎರಡು ಟ್ರೇಲರು ಕಬ್ಬು ಇರುವಾಗ ಹೀಗೆ ಎಳೆದರೆ ಏನಾಗುತ್ತದೆಂದು ಬರೆಯುವ ಅಗತ್ಯವಿಲ್ಲ. ಹೊಲದಲ್ಲಿ ತಿರುಗುವ ಅನುಕೂಲಕ್ಕೆ ಎಡ ಬಲ ಬ್ರೇಕಿಗೆ ಬೇರೆ ಬೇರೆ ಪೆಡಲು ಇರುತ್ತವೆ. ರಸ್ತೆಗೆ ಬರುವ ಮೊದಲು ಅವೆರಡನ್ನೂ ಚಿಲಕ ಹಾಕಿ ಕೂಡಿಸಲೇಬೇಕು.

ನಮ್ಮ ಸೀಮೆಯವರು ನೀರಿನ ಬಗ್ಗೆ ಬೇರೆಯೇ ಎಚ್ಚರ ಇಡಬೇಕು. 2005ರಲ್ಲಿ, 2019ರ ಆಗಸ್ಟಿನಲ್ಲಿ, 2021ರ ಜುಲೈನಲ್ಲಿ ಕೃಷ್ಣೆ, ಪಂಚಗಂಗೆಗಳು ಶಿರೋಳ ತಾಲೂಕಿನ ಊರುಗಳಿಗೆ ನುಗ್ಗಿದ್ದನ್ನು ಮರೆತವರಿಲ್ಲ. ಟ್ರ್ಯಾಕ್ಟರುಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ನೀರು ಇಳಿದ ಮೇಲೆ ಇಂಜಿನ್ ಎಣ್ಣೆ ಬದಲಿಸಿ ಹಲವರು ಗಾಡಿ ಓಡಿಸಿದರು. ಆದರೆ ಹಿಂದಿನ ಅಚ್ಚಿನ ಪೆಟ್ಟಿಗೆಯೊಳಗೂ ನೀರು ಹೋಗಿರುತ್ತದೆ. ಅಳತೆ ಕಡ್ಡಿ ತೆಗೆದು ನೋಡಿದಾಗ ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಗಾಡಿ ಶುರು ಮಾಡದೆ, ತಳದ ಬೂಚು ಸಡಿಲಿಸಿ ಮೊದಲು ನೀರು, ಆಮೇಲೆ ಎಣ್ಣೆ ಇಳಿಸಬೇಕು. ಹೊಸ ಎಣ್ಣೆ ಹಾಕಿ ಸ್ವಲ್ಪ ದೂರ ಓಡಿಸಿ ಮತ್ತೆ ನೋಡಬೇಕು. ಮತ್ತೆ ಹಾಲಿನ ಬಣ್ಣ ಬಂದರೆ ಮತ್ತೆ ಬದಲಿಸಬೇಕು. ಖರ್ಚು ಹೌದು, ಆದರೆ ತುಕ್ಕು ಹಿಡಿದ ಗೇರಿನ ಖರ್ಚಿನ ಮುಂದೆ ಅದು ಸಣ್ಣದು.

ಮಹಾಪೂರವೇ ಬರಬೇಕೆಂದಿಲ್ಲ. ದಿನವೆಲ್ಲ ದುಡಿದು ಕಾದ ಟ್ರ್ಯಾಕ್ಟರನ್ನು ಹಾಗೆಯೇ ಹೊಳೆಗೆ ಇಳಿಸಿ ತೊಳೆಯುವ ರೂಢಿ ನಮ್ಮಲ್ಲಿದೆ. ಕಾದ ಪೆಟ್ಟಿಗೆ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆ ಹೀರುತ್ತದೆ. ಒಂದು ತಾಸು ಆರಲು ಬಿಟ್ಟು ತೊಳೆಯಿರಿ, ಅಚ್ಚು ಮುಳುಗುವಷ್ಟು ಆಳಕ್ಕೆ ಇಳಿಸಬೇಡಿರಿ.

ಇನ್ನೊಂದು ಅಪಾಯ ಹೇಳಲೇಬೇಕು. ಹಿಂದಿನ ಗಾಲಿ ಕೆಸರಿನಲ್ಲಿ ಹೂತು ತಿರುಗದೆ ನಿಂತರೆ, ಇಂಜಿನ್ನಿನ ಬಲ ಗಾಲಿಯನ್ನು ತಿರುಗಿಸಲಾಗದೆ ಟ್ರ್ಯಾಕ್ಟರಿನ ಮೂತಿಯನ್ನೇ ಅಚ್ಚಿನ ಸುತ್ತ ಮೇಲೆತ್ತುತ್ತದೆ. ಗಾಲಿಗೆ ಮರದ ತುಂಡು ಕಟ್ಟಿ ಹೊರತೆಗೆಯಲು ಹೋದವರ ಮೇಲೆ ಟ್ರ್ಯಾಕ್ಟರು ಹಿಂದಕ್ಕೆ ಮಗುಚಿ ಬಿದ್ದ ಸಂಗತಿಗಳು ಎಲ್ಲ ದೇಶಗಳಲ್ಲೂ ಇವೆ. ಮಗುಚಲು ಒಂದೆರಡು ಸೆಕೆಂಡು ಸಾಕು, ಕ್ಲಚ್ ಒತ್ತುವಷ್ಟು ಹೊತ್ತು ಸಿಗುವುದಿಲ್ಲ. ಸರಪಳಿಯನ್ನು ಅಚ್ಚಿಗಿಂತ ಮೇಲೆ ಎಲ್ಲಿಯೂ ಕಟ್ಟಬೇಡಿರಿ, ಕೆಳಗಿನ ಎಳೆಕೊಂಡಿಗೆ ಮಾತ್ರ. ಹೂತರೆ ಮಣ್ಣು ತೋಡಿ ಹಿಮ್ಮುಖವಾಗಿ ಹೊರತೆಗೆಯಿರಿ, ಇಲ್ಲವೇ ಇನ್ನೊಂದು ಟ್ರ್ಯಾಕ್ಟರು ತರಿಸಿರಿ.

ಅಚ್ಚು ಬದಲಿಸುವಾಗ

ಟ್ರ್ಯಾಕ್ಟರಿನ ಅರ್ಧ ಅಚ್ಚು ಬದಲಿಸುವುದನ್ನು ಅನುಭವಿ ಮೇಸ್ತ್ರಿಗೇ ಬಿಡಿರಿ. ಒಂದು ಮಾತು ಮಾತ್ರ ನೆನಪಿರಲಿ. ಭಾರಕ್ಕೆಂದು ಹಿಂದಿನ ಟೈರಿನಲ್ಲಿ ನೀರು ತುಂಬಿಸಿದ್ದರೆ ಒಂದೊಂದರಲ್ಲಿ ಸುಮಾರು ಇನ್ನೂರು ಲೀಟರು ನೀರು ಇರುತ್ತದೆ. ಅಂಥ ಗಾಲಿ ವಾಲಿದರೆ ನಾಲ್ಕು ಜನ ಹಿಡಿದರೂ ನಿಲ್ಲದು. ಮೊದಲು ನೀರು ಇಳಿಸಿಯೇ ಗಾಲಿ ಬಿಚ್ಚಬೇಕು.

ಟ್ರೇಲರಿನ ಅಚ್ಚನ್ನು ಮನೆಯ ಅಂಗಳದಲ್ಲೇ ಬದಲಿಸುವವರಿದ್ದಾರೆ. ಟ್ರೇಲರು ಖಾಲಿ ಇರಬೇಕು, ನೆಲ ಗಟ್ಟಿಯಾಗಿ ಸಮನಾಗಿರಬೇಕು. ನಮ್ಮ ಎರೆ ಮಣ್ಣು ಹಸಿಯಿದ್ದರೆ ಜ್ಯಾಕನ್ನು ನುಂಗಿಬಿಡುತ್ತದೆ. ಕೆಳಗೆ ಅಗಲವಾದ ಹಲಗೆ ಕೊಡಿರಿ. ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿರಿ. ಗಾಲಿಯ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿಕೊಂಡು ಆಮೇಲೆ ಎತ್ತಿರಿ. ಎತ್ತಿದ ಮೇಲೆ ಚೌಕಟ್ಟಿನ ಎರಡೂ ಬದಿಗೆ ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಭಾರವನ್ನು ಅವುಗಳ ಮೇಲೆ ಇಳಿಸಿದ ನಂತರವೇ ಕೆಳಗೆ ಕೈ ಹಾಕಬೇಕು. ಜ್ಯಾಕು ಎತ್ತುವುದಕ್ಕೆ ಇರುವುದು, ಹಿಡಿದು ನಿಲ್ಲುವುದಕ್ಕಲ್ಲ. ಅದರೊಳಗಿನ ಒಂದು ಸಣ್ಣ ರಬ್ಬರು ಬಳೆ ಸೋರಿದರೂ ಟ್ರೇಲರು ಕೆಳಗಿರುತ್ತದೆ. ಇಟ್ಟಂಗಿ, ಕಲ್ಲು ಪೇರಿಸಬೇಡಿರಿ, ಅವು ಒಮ್ಮೆಲೇ ಒಡೆಯುತ್ತವೆ. ಮಕ್ಕಳು ಹತ್ತಿರ ಇರಬಾರದು. ಒಬ್ಬರೇ ಕೆಲಸ ಮಾಡಬಾರದು.

ಹೊಸ ಅಚ್ಚನ್ನು ತರುವಾಗ ಹಳೆಯದನ್ನು ಜೊತೆಗೆ ಒಯ್ದು ಚೌಕದ ದಪ್ಪ, ಒಟ್ಟು ಉದ್ದ, ಬೇರಿಂಗು ಕೂಡುವ ಜಾಗ ಅಳೆದು ಹೋಲಿಸಿರಿ. ಚೌಕ ಗುಂಡಾಗುವ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿರಿ. ಅದು ಬಳುಕಿದಂತೆ ದುಂಡಗೆ ಇಳಿದಿರಬೇಕು. ಉಗುರು ಸಿಕ್ಕಿಕೊಳ್ಳುವಂತೆ ಚೂಪಾಗಿ ಕಡೆದಿದ್ದರೆ ಬೇಡ ಎಂದು ಹೇಳಿ ಎದ್ದು ಬನ್ನಿರಿ. ಕೊಲ್ಹಾಪುರ, ಇಚಲಕರಂಜಿಯಂಥ ಯಂತ್ರದ ಊರುಗಳ ಮಗ್ಗುಲಲ್ಲಿ ಇರುವ ನಮಗೆ ಒಳ್ಳೆಯ ಲೇತು ಕೆಲಸಗಾರರ ಕೊರತೆಯಿಲ್ಲ. ಗುಜರಿಯ ಅಚ್ಚು ಅರ್ಧ ಬೆಲೆಗೆ ಸಿಗುತ್ತದೆ ನಿಜ. ಆದರೆ ಅದು ಎಷ್ಟು ದಣಿದಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಕೂಡಿಸಿದ ಮೇಲೆ ಮುಂದಿನ ಅಚ್ಚನ್ನು ನೇರ ಮಾಡಿ, ಅದರ ಎಡ ತುದಿಯಿಂದ ಹಿಂದಿನ ಎಡ ತುದಿಗೆ, ಬಲದಿಂದ ಬಲಕ್ಕೆ ದಾರ ಹಿಡಿದು ಅಳೆಯಿರಿ. ಎರಡೂ ಸಮ ಇರಬೇಕು. ಸಮ ಇಲ್ಲದಿದ್ದರೆ ಟ್ರೇಲರು ಏಡಿಯಂತೆ ಓರೆಯಾಗಿ ನಡೆದು ಒಂದೇ ಹಂಗಾಮಿನಲ್ಲಿ ಟೈರು ಸವೆಯುತ್ತದೆ. ಮೊದಲ ತುಂಬು ಖೇಪು ಮುಗಿದ ಕೂಡಲೇ ಗಾಲಿಯ ನಟ್ಟುಗಳನ್ನೂ ಅಚ್ಚು ಹಿಡಿದ ಯು ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಯಿರಿ. ಅವು ಸಡಿಲವಾಗಿಯೇ ಇರುತ್ತವೆ.

ಆರೋಗ್ಯದ ಎರಡು ಮಾತು. ಬ್ರೇಕು ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದುವುದು, ಗಾಳಿ ಹೊಡೆಸುವುದು ಬೇಡ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಅಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಪುಪ್ಪುಸದಲ್ಲಿ ಕೂತು ಇಪ್ಪತ್ತು ಮೂವತ್ತು ವರ್ಷದ ಮೇಲೆ ಕ್ಯಾನ್ಸರಿನಂಥ ರೋಗ ತರುತ್ತದೆ. ಮೂಗಿಗೆ ಅರಿವೆ ಕಟ್ಟಿ, ಒದ್ದೆ ಬಟ್ಟೆಯಿಂದ ಒರೆಸಿರಿ. ಇಳಿಸಿದ ಹಳೆ ಎಣ್ಣೆಯನ್ನು ದನದ ಕಜ್ಜಿಗೆ ಹಚ್ಚುವ ಪದ್ಧತಿ ಇನ್ನೂ ಕೆಲವರಲ್ಲಿದೆ. ದನ ಅದನ್ನು ನೆಕ್ಕುತ್ತದೆ, ಚರ್ಮದಿಂದಲೂ ಒಳಗಿಳಿಯುತ್ತದೆ. ಕಜ್ಜಿಗೆ ಪಶುವೈದ್ಯರಲ್ಲಿ ಮದ್ದಿದೆ. ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಟ್ಟು ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿರಿ, ಬಾವಿಯ ಹತ್ತಿರ ಚೆಲ್ಲಬೇಡಿರಿ.

ಇನ್ನು ಭಾರ. ಕಾರ್ಖಾನೆಗೆ ಎರಡು ಖೇಪು ಹೋಗುವ ಬದಲು ಒಂದರಲ್ಲೇ ಮುಗಿಸುವ ಆಸೆ ಎಲ್ಲರಿಗೂ ಇದೆ. ಡೀಸೆಲ್ ಬೆಲೆ, ಕಾರ್ಖಾನೆಯ ಮುಂದೆ ಕಾಯುವ ತಾಸುಗಳು ನನಗೂ ಗೊತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ. ಆದರೆ ಪೊಲೀಸರು ಹಿಡಿಯದಿದ್ದರೂ ಅಚ್ಚು ಲೆಕ್ಕ ಇಡುತ್ತದೆ. ಭಾರ ಸ್ವಲ್ಪ ಏರಿದರೂ ಅಚ್ಚಿನ ಆಯುಷ್ಯ ಬಹಳ ಇಳಿಯುತ್ತದೆ ಎಂಬುದು ವೋಲರನ ಪರೀಕ್ಷೆಯಲ್ಲೇ ಕಂಡ ಸಂಗತಿ. ತುಂಬಿದ ಟ್ರೇಲರನ್ನು ರಸ್ತೆಯ ಗುಂಡಿಗೆ ಜೋರಾಗಿ ಇಳಿಸಿದಾಗ ಅಚ್ಚಿನ ಮೇಲೆ ಬೀಳುವ ಪೆಟ್ಟು ತೂಕದ ಚೀಟಿಯಲ್ಲಿ ಬರೆದದ್ದಕ್ಕಿಂತ ಎಷ್ಟೋ ಹೆಚ್ಚು.

ಅಂದ ಹಾಗೆ, ನಮ್ಮ ಆ ಮುರಿದ ಅಚ್ಚನ್ನು ಕೊಳ್ಳಲು ಒಬ್ಬ ಗುಜರಿಯವ ಬಂದಿದ್ದ. ಬೆಸೆದು ಬೇರೆಯವರಿಗೆ ಮಾರುತ್ತೇನೆ ಎಂದು ಅವನೇ ಹೇಳಿದ. ತಂದೆಯವರು ಕೊಡಲಿಲ್ಲ. ಉದ್ದನೆಯ ತುಂಡು ಈಗ ಗೋಠಾದ ಮುಂದೆ ನೆಲದಲ್ಲಿ ಹೂತಿದೆ, ಎಮ್ಮೆ ಕಟ್ಟುತ್ತೇವೆ. ಗಿಡ್ಡ ತುಂಡು ಜ್ಯಾಕಿನ ಪೆಟ್ಟಿಗೆಯಲ್ಲಿದೆ. ಟ್ರೇಲರು ತುಂಬುವ ಹುಡುಗರು ಇನ್ನೊಂದು ಸಾಲು ಏರಿಸೋಣ ಎಂದಾಗ ತಮ್ಮ ಅದನ್ನು ತೆಗೆದು ತೋರಿಸುತ್ತಾನೆ.